ಹದಿನಾರನೇ ವಾರ್ಡಿನ ಹೊರಬೀಡು

ಬೆಣಚಿನಕೆರೆ ಊರು ಪಟ್ಟಣವಾದ ದಿನ ಯಾರಿಗೂ ಏನೂ ಬೇರೆ ಕಾಣಲಿಲ್ಲ. ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ಬಸ್ಸು ಎಂದಿನ ಹಾಗೇ ತಡವಾಗಿ ಬಂತು, ಎಂದಿನ ಹಾಗೇ ಸರ್ಕಲ್ಲಿನ ನಟ್ಟನಡುವೆ ನಿಂತು ಜನರನ್ನು ಇಳಿಸಿತು. ಗ್ರಾಮ ಪಂಚಾಯಿತಿಯ ಬೋರ್ಡಿನ ಮೇಲೆ ‘ಪಟ್ಟಣ ಪಂಚಾಯಿತಿ’ ಎಂದು ಬರೆದ ಫ್ಲೆಕ್ಸ್ ಒಂದನ್ನು ಎಳೆದು ಕಟ್ಟಿದರು. ಗಾಳಿ ಬೀಸಿದಾಗ ಅದರ ಒಂದು ಮೂಲೆ ಎದ್ದು ಹಳೆಯ ಅಕ್ಷರ ಕಾಣುತ್ತಿತ್ತು. ಸರಿ ಮಾಡಿಸಲು ಯಾರೂ ಅವಸರ ಪಡಲಿಲ್ಲ.

ಊರು ಪಟ್ಟಣವಾಗಲಿ ಎಂದು ಓಡಾಡಿದವನು ಈರಬಸಪ್ಪ. ಬೀಜ ಗೊಬ್ಬರದ ಅಂಗಡಿಯವನು. ಅಪ್ಪನ ಕಾಲದ ಒಂದೇ ಬಾಗಿಲಿನ ಅಂಗಡಿಯನ್ನು ಮೂರು ಷಟರಿನದು ಮಾಡಿದ್ದ. ಮಾತು ಮೆತ್ತಗೆ, ಕಾಲು ಚುರುಕು. ಪಟ್ಟಣವಾದರೆ ಸೈಟಿಗೆ ಬೆಲೆ ಬರುತ್ತದೆ, ಬೀದಿಗೆ ಕಾಂಕ್ರೀಟು ಬರುತ್ತದೆ, ಬಸ್ ಸ್ಟ್ಯಾಂಡಿಗೆ ಸೂರು ಬರುತ್ತದೆ ಎಂದು ಅವನು ನಂಬಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕಾಗಿ ಚಿತ್ರದುರ್ಗಕ್ಕೂ ಬೆಂಗಳೂರಿಗೂ ಎಷ್ಟು ಸಲ ತಿರುಗಿದನೋ ಅವನಿಗೇ ನೆನಪಿರಲಿಲ್ಲ. ಅಡ್ಡ ಬಂದದ್ದು ಜನಸಂಖ್ಯೆ. ಪಟ್ಟಣ ಅನ್ನಿಸಿಕೊಳ್ಳಲು ಹತ್ತು ಸಾವಿರ ತಲೆ ಬೇಕಿತ್ತು, ಊರಿನಲ್ಲಿ ಅಷ್ಟು ಇರಲಿಲ್ಲ. ಸುತ್ತಲಿನ ಹಟ್ಟಿಗಳನ್ನು ಸೇರಿಸಿಕೊಂಡು ಗೆರೆ ಎಳೆದರು. ಹಳ್ಳದಾಚೆಯ ತೋಪಿನಹಟ್ಟಿಯೂ ಗೆರೆಯೊಳಗೆ ಬಿತ್ತು. ಗೆರೆ ಆ ಹಟ್ಟಿಯನ್ನು ಬಳಸಿ, ಪಕ್ಕದ ಹುಣಸೆತೋಪನ್ನು ಬಳಸಿ, ಕರೆಂಟು ತೆಗೆಯುವ ಗಾಳಿಫ್ಯಾನುಗಳ ಗುಡ್ಡದ ಬುಡಕ್ಕೆ ಹೋಗಿ ನಿಂತಿತು. ಆಕ್ಷೇಪಣೆ ಇದ್ದವರು ಸಲ್ಲಿಸಬಹುದು ಎಂದು ಪಂಚಾಯಿತಿ ಗೋಡೆಗೆ ಕಾಗದ ಅಂಟಿಸಿದ್ದರು. ಪಕ್ಕದ ಹಳ್ಳಿಯವರು ಸಲ್ಲಿಸಿದರು, ಅದು ತಿರಸ್ಕಾರವಾಯಿತು, ಬೆಣಚಿನಕೆರೆಯಲ್ಲಿ ಹತ್ತು ಸಾವಿರ ಜನ ಎಲ್ಲಿದ್ದಾರೆ ಎಂದು ಅವರು ಕೋರ್ಟಿಗೆ ಹೋದರು. ಹಟ್ಟಿಯವರು ಸುಮ್ಮನಿದ್ದರು. ಅವರಿಗೆ ಗೋಡೆಯ ಕಾಗದ ಓದುವ ಅಭ್ಯಾಸ ಇರಲಿಲ್ಲ. ಓದಿ ಹೇಳುವ ತುರ್ತು ಬೇರೆಯವರಿಗೂ ಇರಲಿಲ್ಲ.

ತೋಪಿನಹಟ್ಟಿಯ ಓಬಮ್ಮನಿಗೆ ಊರು ಪಟ್ಟಣವಾಗಿದೆ ಎಂದು ತಿಳಿದದ್ದು ಕೆಲಸ ನಿಂತಾಗ. ಉದ್ಯೋಗ ಖಾತ್ರಿಯ ಕೆಲಸದಲ್ಲಿ ಹಟ್ಟಿಯ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಕೆರೆ ಹೂಳು, ಬದು, ಇಂಗುಗುಂಡಿ ಎಂದು ವರ್ಷದಲ್ಲಿ ಕೆಲವು ತಿಂಗಳು ಊರ ಸುತ್ತಲೇ ಕೂಲಿ ಸಿಗುತ್ತಿತ್ತು, ಮಧ್ಯಾಹ್ನ ಮನೆಗೆ ಬಂದು ಉಣ್ಣಬಹುದಿತ್ತು. ಆ ವರ್ಷ ಕೆಲಸ ಕೇಳಲು ಹೋದರೆ, ಖಾತ್ರಿ ಹಳ್ಳಿಗಳಿಗೆ ಮಾತ್ರ, ನೀವೀಗ ಪಟ್ಟಣದವರು ಎಂದರು. ಓಬಮ್ಮ ತಿರುಗಿ ನೋಡಿದಳು. ಪಟ್ಟಣ ಎಲ್ಲಿಯೂ ಕಾಣಲಿಲ್ಲ. ಅಂದಿನಿಂದ ಹಟ್ಟಿಯ ಹೆಂಗಸರು ನಸುಕಿನಲ್ಲಿ ಟೆಂಪೋ ಹತ್ತಿ ಹಿರಿಯೂರಿನ ಕಡೆ ಈರುಳ್ಳಿ ಕಳೆಗೆ ಹೋಗತೊಡಗಿದರು. ಮನೆ ಕಂದಾಯವೂ ಏರಿತು.

ಒಂದಷ್ಟು ಕಾಲ ತಹಸೀಲ್ದಾರರೇ ಆಡಳಿತ ನೋಡಿಕೊಂಡು, ಆಮೇಲೆ ಚುನಾವಣೆ ಬಂತು. ಹದಿನಾರು ವಾರ್ಡುಗಳಲ್ಲಿ ಕೊನೆಯದು ತೋಪಿನಹಟ್ಟಿ. ಅಲ್ಲಿ ಹಟ್ಟಿಯ ಹೆಂಗಸೇ ನಿಲ್ಲಬೇಕು ಎಂದು ಮೀಸಲಾತಿ ಬಂದಿತ್ತು. ಓಬಮ್ಮ ನಿಂತು ಗೆದ್ದಳು. ಈರಬಸಪ್ಪ ಅಧ್ಯಕ್ಷನಾದ. ಅಲ್ಲಿಯವರೆಗೆ ಅವಳನ್ನು ‘ಓಬಿ’ ಎಂದು ಕರೆಯುತ್ತಿದ್ದವನು ಸಭೆಯಲ್ಲಿ ‘ಓಬಮ್ಮನವರೇ’ ಎನ್ನತೊಡಗಿದ. ಅವಳಿಗೆ ಮೊದಲ ಸಲ ಅದು ಬೇರೆ ಯಾರನ್ನೋ ಕರೆದ ಹಾಗೆ ಕೇಳಿಸಿತು.

ಅವಳು ಕೇಳುತ್ತಿದ್ದದ್ದು ನೀರು. ಹಟ್ಟಿಯ ಕೊಳವೆಬಾವಿಯ ನೀರು ಸವುಳು. ಬೇಳೆ ಬೇಯುತ್ತಿರಲಿಲ್ಲ, ಮಕ್ಕಳ ಹಲ್ಲು ಕಂದುಗಟ್ಟುತ್ತಿದ್ದವು. ಪಟ್ಟಣಕ್ಕೆ ಹೊಸ ನೀರಿನ ಯೋಜನೆ ಬಂದಿತ್ತು. ದೊಡ್ಡ ಟ್ಯಾಂಕು, ಬೀದಿ ಬೀದಿಗೆ ಪೈಪು. ಕ್ರಿಯಾಯೋಜನೆ ಚಿತ್ರದುರ್ಗಕ್ಕೆ ಹೋಗುವ ಮೊದಲು ಯಾವ ವಾರ್ಡು ಮೊದಲು ಎಂದು ಸಭೆಯೇ ತೀರ್ಮಾನಿಸಬೇಕಿತ್ತು. ಅವಳು ಬಾಯಿ ತೆರೆದಾಗಲೆಲ್ಲ ಈರಬಸಪ್ಪ ನಗುನಗುತ್ತಲೇ ಒಂದೇ ಉತ್ತರ ಕೊಡುತ್ತಿದ್ದ.

“ಹಟ್ಟಿ ಊರಿಂದ ಆಚೆ ಆತಲ್ಲ ಓಬಮ್ಮನವರೇ. ಮೊದ್ಲು ಊರೊಳಗೆ ಮುಗೀಲಿ. ಆಚೇದು ಎರಡನೇ ಹಂತದಾಗೆ ನೋಡಾಣ.”

ಎರಡನೇ ಹಂತ ಎಂದರೆ ಏನೆಂದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಎರಡನೇ ಹಂತದ ಚರಂಡಿ, ಎರಡನೇ ಹಂತದ ಬೀದಿದೀಪ ಕಂಡವರು ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ.

ಹೀಗಿರುವಾಗ ಹೊರಬೀಡಿನ ವರ್ಷ ಬಂತು.

ಬೆಣಚಿನಕೆರೆಯಲ್ಲಿ ಮೂರು ವರ್ಷಕ್ಕೊಮ್ಮೆ, ಬಿಸಿಲು ಬಲಿಯುವ ಮೊದಲ ಒಂದು ಮಂಗಳವಾರ, ಊರಿಗೆ ಊರೇ ಮನೆ ಖಾಲಿ ಮಾಡುತ್ತದೆ. ಸೂರ್ಯ ಹುಟ್ಟುವ ಮುಂಚೆ ಒಲೆ ಆರಿಸಿ, ದನ ಕರು ಕೋಳಿ ನಾಯಿ ಸಮೇತ ಊರ ಗಡಿ ದಾಟಬೇಕು. ದಾಟಿದ ಮೇಲೆ ಹಾದಿಗೆ ಮುಳ್ಳು ಕಟ್ಟುತ್ತಾರೆ. ಹೊರಗೇ ಅಡುಗೆ, ಹೊರಗೇ ಊಟ. ದೀಪ ಹಚ್ಚುವ ಹೊತ್ತಿಗೆ ಮುಳ್ಳು ಬಿಚ್ಚಿ ಒಳಗೆ ಬರುವುದು. ರೋಗ ರುಜಿನ, ಕೇಡು ಕಂಟಕ ಏನಿದ್ದರೂ ಮನುಷ್ಯರನ್ನು ಕಾಣದೆ ತಾನೇ ಊರು ಬಿಟ್ಟು ಹೋಗಲಿ ಎಂದು. ಇದನ್ನು ನಡೆಸುವ ಹೊಣೆ ಮರುಳಸಿದ್ದಪ್ಪನ ಮನೆತನದ್ದು. ಎಂಬತ್ತು ದಾಟಿದ ಮುದುಕ, ಕೋಲಿನಂತೆ ನೆಟ್ಟಗೆ ನಡೆಯುತ್ತಿದ್ದ. ಹಿಂದೊಮ್ಮೆ ಬಾಡಿಗೆ ಮನೆಯ ಮೇಷ್ಟರೊಬ್ಬರು ಬಾಗಿಲು ಹಾಕಿಕೊಂಡು ಒಳಗೇ ಟೀ ಕಾಯಿಸಿದರು ಎಂದು ಗೊತ್ತಾಗಿ, ಮುಂದಿನ ಮಂಗಳವಾರ ಇಡೀ ಊರನ್ನು ಮತ್ತೊಮ್ಮೆ ಹೊರಡಿಸಿದವನು ಅವನು.

ಬೀಡು ಬಿಡುತ್ತಿದ್ದ ಜಾಗ ಹಳ್ಳದಾಚೆಯ ಹುಣಸೆತೋಪು. ತೋಪಿಗೂ ಹಟ್ಟಿಗೂ ನಡುವೆ ಒಂದು ಕತ್ತಾಳೆ ಬೇಲಿ. ಊರಿನವರು ಊರು ಬಿಟ್ಟು ಬಂದು ಕೂರುತ್ತಿದ್ದದ್ದು ಹಟ್ಟಿಯ ಹೊಸ್ತಿಲಲ್ಲಿ. ಹಟ್ಟಿಯವರು ಎಲ್ಲಿಗೂ ಹೊರಡುತ್ತಿರಲಿಲ್ಲ. ಅವರು ಮೊದಲೇ ಹೊರಗಿದ್ದರು. ಹಟ್ಟಿಯಲ್ಲಿ ಅದು ಒಳ್ಳೆಯ ದಿನ ಎಂದೇ ಲೆಕ್ಕ. ಸೌದೆ ಒಡೆದು, ನೀರು ಹೊತ್ತು, ಸಂಜೆ ತೋಪು ಗುಡಿಸಿದರೆ ಹೋಳಿಗೆ, ಪಾಯಸ ಮಿಕ್ಕಿದ್ದು ಬರುತ್ತಿತ್ತು. ಓಬಮ್ಮ ಹುಡುಗಿಯಾಗಿದ್ದಾಗ ಆ ದಿನವನ್ನು ಬೆರಳು ಮಡಿಸಿ ಕಾಯುತ್ತಿದ್ದಳು.

ಈಗ ಎಲ್ಲವೂ ಠರಾವಿನ ಮೇಲೆ ನಡೆಯಬೇಕಾದ್ದರಿಂದ ಹೊರಬೀಡೂ ಸಭೆಗೆ ಬಂತು. ಹುಣಸೆತೋಪಿನ ಸ್ವಚ್ಛತೆ, ನೀರಿನ ಟ್ಯಾಂಕರು, ತಾತ್ಕಾಲಿಕ ಶೌಚಾಲಯ ಎಂದು ಮುಖ್ಯಾಧಿಕಾರಿ ತೇಜಸ್ವಿನಿ ಓದಿದಳು. ಚಿತ್ರದುರ್ಗದ ಹುಡುಗಿ, ಇದು ಮೊದಲ ಪೋಸ್ಟಿಂಗು. ಎಲ್ಲರೂ ಆಯಿತು ಎಂದು ತಲೆಯಾಡಿಸುವಾಗ ಓಬಮ್ಮ ಗೋಡೆಯ ಮೇಲಿನ ನಕ್ಷೆ ನೋಡುತ್ತಿದ್ದಳು.

“ಮೇಡಂ, ಹುಣಸೆತೋಪು ಯಾವ ವಾರ್ಡು?”

“ನಿಮ್ಮದೇ. ಹದಿನಾರು.”

“ಅಂದ್ರೆ ಊರೊಳಗೈತೆ.”

“ಪಟ್ಟಣದ ಗಡಿಯೊಳಗೇ ಇದೆ,” ಎಂದಳು ತೇಜಸ್ವಿನಿ.

“ಮತ್ತೆ ಊರು ಬಿಟ್ಟು ಹೊರಡೋರು ಊರೊಳಗೇ ಹೋಗಿ ಕುಂತ್ಕಂಡ್ರೆ ಅದ್ಯಾವ ಸೀಮೆ ಹೊರಬೀಡು?”

ಸಭೆ ನಕ್ಕಿತು. ಈರಬಸಪ್ಪನೂ ನಕ್ಕ. ಸರ್ಕಾರದ ಗಡಿ ಇರುವುದು ಕಂದಾಯಕ್ಕೆ, ದೇವರ ಗಡಿ ಹಳೆಯದು, ಅದು ಹಳ್ಳದ ತನಕ ಮಾತ್ರ ಎಂದು ಸಮಾಧಾನ ಹೇಳಿದ. ಓಬಮ್ಮ ನಗಲಿಲ್ಲ.

“ಹಂಗಾರೆ ಬರೀರಿ. ಹಟ್ಟಿ ಊರಿಂದ ಹೊರಗೈತೆ ಅಂತ ನಡಾವಳಿಯಾಗೆ ಬರೀರಿ. ನಾವು ಕಂದಾಯ ಕಟ್ಟಲ್ಲ, ನಮ್ಮ ಖಾತ್ರಿ ಕೆಲ್ಸ ನಮಗೆ ಕೊಡ್ರಿ. ಇಲ್ಲ, ಒಳಗೈತೆ ಅಂತೀರಾ, ಪೈಪು ಹಾಕ್ರಿ. ಕೆಲ್ಸ ಕಿತ್ಕಳಾಕೆ ಒಳಗೆ, ನೀರು ಕೇಳಿದ್ರೆ ಹೊರಗೆ, ಹಿಂಗೆ ಎಷ್ಟು ದಿನ ನಡೀತೈತೆ?”

ತೇಜಸ್ವಿನಿಯ ಪೆನ್ನು ಕಾಗದದ ಮೇಲೇ ನಿಂತಿತು. ಈರಬಸಪ್ಪನ ನಗು ಮುಖದಲ್ಲಿ ಇದ್ದ ಹಾಗೇ ಇತ್ತು, ಆದರೆ ಅವನ ಲೆಕ್ಕ ಆಗಲೇ ಕೋರ್ಟಿಗೆ ಹೋಗಿ ಬಂದಿತ್ತು. ಹಟ್ಟಿ ಹೊರಗಿದೆ ಎಂದು ಪಂಚಾಯಿತಿಯೇ ಬರೆದುಕೊಟ್ಟರೆ ಹತ್ತು ಸಾವಿರ ತಲೆ ಕೂಡುವುದಿಲ್ಲ, ಪಕ್ಕದ ಹಳ್ಳಿಯವರಿಗೆ ಅಷ್ಟೇ ಸಾಕು. ಇದನ್ನೆಲ್ಲ ಬರೆಯುವುದು ಬೇಡ, ಮುಂದಿನ ವಿಷಯ ತೆಗೆದುಕೊಳ್ಳಿ ಎಂದ. ತೇಜಸ್ವಿನಿ ಬರೆಯಲಿಲ್ಲ.

ಬರೆಯದಿದ್ದರೇನಂತೆ, ಮಾತು ಸಂಜೆಯೊಳಗೆ ಟೀ ಅಂಗಡಿಗಳನ್ನು ಸುತ್ತಿ ಮರುಳಸಿದ್ದಪ್ಪನ ಕಿವಿಗೆ ಬಿತ್ತು. ಮಾರನೆಯ ಬೆಳಿಗ್ಗೆ ಮುದುಕ ಪಂಚಾಯಿತಿಗೆ ಬಂದು, ಆ ಗೆರೆ ಎಲ್ಲಿದೆ ತೋರಿಸು ತಾಯಿ ಎಂದ. ತೇಜಸ್ವಿನಿ ಪೆನ್ನಿನ ಮುಚ್ಚಳದಿಂದ ನಕ್ಷೆಯ ಮೇಲೆ ಗೆರೆಯನ್ನು ಸುತ್ತಿ ತೋರಿಸಿದಳು. ಅವನು ಯಾರದೋ ಬೈಕಿನ ಹಿಂದೆ ಕೂತು ಗುಡ್ಡದ ಬುಡಕ್ಕೆ ಹೋಗಿ, ಅಲ್ಲಿ ನೆಟ್ಟಿದ್ದ ಬಿಳಿ ಬಣ್ಣದ ಗಡಿಕಲ್ಲನ್ನು ಮುಟ್ಟಿ ನೋಡಿ ಬಂದ. ಆ ಸಂಜೆ ಗುಡಿ ಕಟ್ಟೆಯ ಮೇಲೆ ತೀರ್ಪು ಕೊಟ್ಟ.

“ಗೆರೆ ಎಳೆದೋರು ನೀವು. ನನ್ನ ಕೇಳಿ ಎಳೀಲಿಲ್ಲ. ಎಳೆದ ಮ್ಯಾಲೆ ಅಷ್ಟೂ ಊರೇ. ಅದ್ರೊಳಗೆ ಎಲ್ಲೇ ಆಗ್ಲಿ, ಒಂದು ಒಲೆ ಹತ್ತಿದ್ರೂ ಹೊರಬೀಡು ಕೆಟ್ಟಂಗೆ. ಈ ಸಲ ಗುಡ್ಡದ ಆಚೆಗೆ ಹೋಗಾಣ. ಹಟ್ಟಿನೂ ಹೊರಡ್ಬೇಕು.”

ಯಾರೋ ಗೊಣಗಿದರು. ಮುದುಕ ಸ್ವಲ್ಪ ಯೋಚಿಸಿ ಒಂದು ದಾರಿ ಬಿಟ್ಟುಕೊಟ್ಟ. ಹಟ್ಟಿಯವರೇ ಬಂದು, ನಾವು ಈ ಊರಿನವರಲ್ಲ ಎಂದು ದೇವರ ಮುಂದೆ ಹೇಳಿದರೆ ಬೇರೆ ಮಾತು. ಆಗ ತೋಪು ಹಳೆಯ ತೋಪೇ.

ಅವನಿಗೆ ಹಟ್ಟಿಯ ಮೇಲೆ ಹೊಸದಾಗಿ ಪ್ರೀತಿ ಹುಟ್ಟಿತ್ತು ಎಂದು ಯಾರೂ ತಿಳಿಯಬೇಕಿಲ್ಲ. ಇಷ್ಟು ವರ್ಷದಲ್ಲಿ ಅವನು ಹಟ್ಟಿಯಲ್ಲಿ ಒಂದು ಲೋಟ ನೀರು ಕುಡಿದವನಲ್ಲ. ಅವನಿಗೆ ಕಟ್ಟಳೆ ತಪ್ಪಬಾರದು, ಅಷ್ಟೇ ಬೇಕಾಗಿತ್ತು.

ಎರಡು ದಿನ ಬಿಟ್ಟು ಈರಬಸಪ್ಪ ಹಟ್ಟಿಗೆ ಬಂದ. ಓಟು ಕೇಳಲು ಬಂದಿದ್ದವನು ಆಮೇಲೆ ಬಂದದ್ದು ಅದೇ ಮೊದಲು. ಓಬಮ್ಮ ಪ್ಲಾಸ್ಟಿಕ್ ಕುರ್ಚಿ ಒರೆಸಿ ಹಾಕಿದಳು. ಅವಳ ಗಂಡ ರಂಗಯ್ಯ ಗೋಡೆಗೆ ಒರಗಿ ನಿಂತ. ಕುಡಿಯಲು ಏನಾದರೂ ತರಲೇ ಎಂದರೆ ಈರಬಸಪ್ಪ ಈಗ ತಾನೇ ಕುಡಿದು ಬಂದೆ ಎಂದ. ಗುಡ್ಡದಾಚೆ ಒಂದು ಮರದ ನೆರಳಿಲ್ಲ, ಬರೀ ಕಲ್ಲು. ಮುದುಕರು, ಬಾಣಂತಿಯರು, ಎಳೆ ಕೂಸುಗಳು ಈ ಬಿಸಿಲಿನಲ್ಲಿ ಅಲ್ಲಿಗೆ ಹೇಗೆ ಹತ್ತಿಯಾರು, ಟ್ಯಾಂಕರು ಹೇಗೆ ಹತ್ತೀತು ಎಂದು ಬಿಡಿಸಿ ಹೇಳಿದ. ಅವನು ಹೇಳಿದ್ದೆಲ್ಲ ನಿಜವೇ ಆಗಿತ್ತು. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

“ನೀನು ಗುಡಿ ಮುಂದೆ ಬಂದು ಒಂದು ಮಾತು ಹೇಳು ಓಬಮ್ಮ. ನಾವು ಹೊರಗಿನೋರು, ನಮ್ಮನ್ನ ಬಿಡ್ರಿ ಅಂತ. ಒಂದು ದಿನದ ಮಾತು. ಪೈಪು ಈ ವರ್ಷವೇ ಹಾಕಿಸ್ತೀನಿ. ನನ್ನ ಮಾತು ಇದು.”

ಓಬಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಪೈಪು ಎಂದ ಕೂಡಲೆ ಒಳಗೆ ಸೊಸೆ ಯಮುನಾ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದ್ದು ಕೇಳಿಸಿತ್ತು.

“ಹೇಳ್ತೀನಿ. ನೀವು ಅದನ್ನೇ ಮೀಟಿಂಗಿನಾಗೆ ಬರೆಸ್ತೀರಾ?”

“ಅದೆಂಗಾತದೆ? ಕೋರ್ಟಿನಾಗೆ ಕೇಸೈತೆ.”

“ನಿಮಗೆ ಕಾಗದದ ಮ್ಯಾಲೆ ಬರೆಯಾಕಾಗದ ಮಾತನ್ನ ನಾನು ದೇವರ ಮುಂದೆ ಹೆಂಗೆ ಹೇಳ್ಲಿ?”

ಈರಬಸಪ್ಪ ಎದ್ದು ಪಂಚೆ ಕೊಡವಿಕೊಂಡ. ಕೋಪ ತೋರಿಸಲಿಲ್ಲ, ಕೋಪ ತೋರಿಸಿ ವ್ಯಾಪಾರ ಮಾಡುವವನಲ್ಲ ಅವನು. ಯೋಚನೆ ಮಾಡು, ನಾಳೆ ಪೈಪು ತಪ್ಪಿದರೆ ನನ್ನನ್ನು ಬೈಯಬೇಡ ಎಂದಷ್ಟೇ ಹೇಳಿ ಹೋದ. ಕ್ರಿಯಾಯೋಜನೆಯ ಸಭೆ ಹೊರಬೀಡಿನ ಮಾರನೆಯ ವಾರ ಇತ್ತು.

ಆ ರಾತ್ರಿ ಊಟಕ್ಕೆ ಮುಂಚೆಯೇ ಹಟ್ಟಿಯ ಹೆಂಗಸರೆಲ್ಲ ಅವಳ ಅಂಗಳದಲ್ಲಿ ಸೇರಿದರು. ಅವರ ಮಾತು ಕಟುವಾಗಿತ್ತು. ಹೊರಬೀಡಿನ ದಿನ ಊಟ ಸಿಗುತ್ತಿತ್ತು, ಈಗ ತಮ್ಮ ಒಲೆ ಆರಿಸಿ, ತಮ್ಮ ಹಾಸಿಗೆ ಹಿಡಿದವರನ್ನು ಹೊತ್ತು, ತಮ್ಮ ಕೂಲಿ ಕಳೆದುಕೊಂಡು ಗುಡ್ಡ ಹತ್ತಬೇಕು. ಯಾವ ಸುಖಕ್ಕೆ? ಗಂಗಕ್ಕ ಎಂಬ ಮುದುಕಿ, ಮೆಂಬರಾದ ಮೇಲೆ ಇವಳಿಗೆ ಊರಿನವರ ಸಾಲಿನಲ್ಲಿ ಕೂರುವ ಚಪಲ ಹತ್ತಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಓಬಮ್ಮನಿಗೆ ಅದು ಚುಚ್ಚಿತು, ಯಾಕೆಂದರೆ ಅದರಲ್ಲಿ ಒಂದಿಷ್ಟು ನಿಜವೂ ಇತ್ತು.

ಎಲ್ಲರೂ ಹೋದ ಮೇಲೆ ಯಮುನಾ ಕೇಳಿದಳು. ನಸುಕಿಗೆ ಎದ್ದು ಟೆಂಪೋ ಹತ್ತುವವಳು ಅವಳೇ, ಸವುಳು ನೀರಿನಲ್ಲಿ ಕೂಸಿನ ಬಟ್ಟೆ ಒಗೆಯುವವಳೂ ಅವಳೇ.

“ಅತ್ತೆ, ನಿಮಗೆ ಪೈಪು ಬೇಕೋ, ಮಾತು ಬೇಕೋ?”

ಓಬಮ್ಮ ಒಲೆಗೆ ಸೌದೆ ತಳ್ಳಿದಳು. ಅನ್ನಕ್ಕಿಟ್ಟ ನೀರು ಮರಳುವವರೆಗೂ ಒಲೆಯ ಮುಂದೆ ಕೂತಿದ್ದಳು.

“ಪೈಪೇ ಬೇಕು ಕಣೆ. ಆದ್ರೆ ಒಂದ್ಸಲ ನಾವೇ ಹೊರಗಿನೋರು ಅಂತ ಹೇಳಿದ್ರೆ, ಮುಂದೆ ಅವ್ರು ಹೇಳೋದೇ ಬ್ಯಾಡ. ಪೈಪಿಗೂ ಅದೇ ಮಾತು, ದೀಪಕ್ಕೂ ಅದೇ, ನಿನ್ನ ಕೂಸಿಗೂ ಅದೇ.”

ಯಮುನಾ ಒಪ್ಪಿದಳೋ ಇಲ್ಲವೋ, ಬಟ್ಟಲು ತಂದು ಎದುರಿಗೆ ಕೂತಳು. ರಂಗಯ್ಯ ಮಾತ್ರ, ಗುಡ್ಡಕ್ಕೆ ಒಯ್ಯಲು ಕಲ್ಲಿನ ಒಲೆ ಸಾಲದು, ಕಬ್ಬಿಣದ್ದು ಕೇಳಿ ತರುತ್ತೇನೆ ಎಂದ. ಅವನು ಮಾತಾಡಿದ್ದು ಅಷ್ಟೇ.

ಓಬಮ್ಮ ಗುಡಿಯ ಮುಂದೆ ಹೋಗಲಿಲ್ಲ. ಹೊರಬೀಡಿನ ಹಿಂದಿನ ದಿನ ಮನೆ ಮನೆಗೂ ಹೋಗಿ ಹೇಳಿ ಬಂದಳು: ನಾಳೆ ಹಟ್ಟಿಯಲ್ಲಿ ಒಂದು ಬೀಡಿಯೂ ಹೊತ್ತಬಾರದು, ಗುಡ್ಡದ ಮೇಲೆ ಮಾಂಸ ಮೀನು ಯಾವುದೂ ಬೇಡ, ಸಿಹಿ ಅಡುಗೆ ಮಾತ್ರ. ತಪ್ಪು ಹುಡುಕುವವರಿಗೆ ಒಂದು ಎಲುಬಿನ ಚೂರೂ ಸಿಗಬಾರದು. ಕೆಲವರು ಬಾಗಿಲಲ್ಲೇ ಮುಖ ತಿರುಗಿಸಿದರು. ಗಂಗಕ್ಕ ಬರುವುದಿಲ್ಲ ಎಂದಳು, ಆಮೇಲೆ ತನ್ನ ಕೋಳಿಗಳನ್ನು ಯಾರು ಹೊರುತ್ತಾರೆ ಎಂದು ಕೇಳಿದಳು.

ಮಂಗಳವಾರ ನಸುಕಿನಲ್ಲಿ ಬೆಣಚಿನಕೆರೆ ಹೊರಟಿತು. ಹಿಂದಿನ ಹಾಗೆ ಎಲ್ಲರೂ ಎತ್ತಿನ ಗಾಡಿಯಲ್ಲಿ ಹೊರಡುವ ಕಾಲವಲ್ಲ. ಟ್ರ್ಯಾಕ್ಟರು, ಆಟೋ, ಬೈಕು, ತಲೆಯ ಮೇಲೆ ಗ್ಯಾಸ್ ಸ್ಟೋವು. ಒಂದಷ್ಟು ಜನ ಮನೆಗೆ ಬೀಗ ಹಾಕಿ ನೆಂಟರ ಮನೆಗೆ ರಾಮಗಿರಿಗೋ ಹೊಳಲ್ಕೆರೆಗೋ ಬಸ್ಸು ಹತ್ತಿದರು, ಅದಕ್ಕೂ ಅಡ್ಡಿಯಿಲ್ಲ. ಬ್ಯಾಂಕಿನವರು ಊರಿನವರಲ್ಲ, ಟೀ ಕಾಯಿಸದಿದ್ದರೆ ಸಾಕು ಎಂದು ಮರುಳಸಿದ್ದಪ್ಪ ಅವರನ್ನು ಬಿಟ್ಟಿದ್ದ. ಮೆರವಣಿಗೆ ಹಳ್ಳ ದಾಟಿ, ಹುಣಸೆತೋಪಿನ ನೆರಳನ್ನು ಆಸೆಯಿಂದ ನೋಡುತ್ತಾ ಮುಂದೆ ಹೋಯಿತು. ಹಟ್ಟಿಯವರು ಬಾಗಿಲು ಎಳೆದುಕೊಂಡು ಕೊನೆಗೆ ಸೇರಿಕೊಂಡರು. ಎಲ್ಲರೂ ದಾಟಿದ ಮೇಲೆ ಮುದುಕ ಬಿಳಿ ಗಡಿಕಲ್ಲಿನ ಬಳಿ, ಹಟ್ಟಿಯ ಆಚೆ, ಜಾಲಿ ಮುಳ್ಳು ಕಟ್ಟಿಸಿದ. ಓಬಮ್ಮ ನಿಂತು ನೋಡಿದಳು. ಅವಳ ಮನೆಯ ಶೀಟಿನ ಸೂರು ಮುಳ್ಳಿನ ಒಳಗಡೆ ಕಾಣುತ್ತಿತ್ತು.

ಗುಡ್ಡದಾಚೆ ಈರಬಸಪ್ಪ ಹೇಳಿದಂತೆಯೇ ಇತ್ತು. ಟ್ಯಾಂಕರು ಅರ್ಧ ಏರಿ ನಿಂತಿತು, ನೀರನ್ನು ಕೊಡದಲ್ಲಿ ಹೊರಬೇಕಾಯಿತು. ನೆರಳು ಎಂದರೆ ಗಾಳಿಫ್ಯಾನಿನ ಕಂಬದ್ದೇ, ಅದೂ ಹೊತ್ತು ಏರಿದಂತೆ ಪಕ್ಕಕ್ಕೆ ಸರಿಯುತ್ತಿತ್ತು. ಮುದುಕಿಯರು ಚಾಪೆ ಎಳೆದುಕೊಂಡು ಅದರ ಹಿಂದೆ ಹೋಗುತ್ತಿದ್ದರು. ಶಾಪ ಹಾಕುವವರು ಕೆಲವರು ಮರುಳಸಿದ್ದಪ್ಪನಿಗೆ ಹಾಕಿದರು, ಹೆಚ್ಚಿನವರು ಓಬಮ್ಮನಿಗೆ. ಅಡುಗೆ ಮಾತ್ರ ನಡೆಯಿತು. ಹೊರಬೀಡಿನಲ್ಲಿ ಮನೆಗೊಂದು ಒಲೆಯಿಲ್ಲ, ಕೇರಿಗೊಂದು. ಹಟ್ಟಿಯವರು ಯಾರೂ ಹೇಳದೆಯೇ ತಮ್ಮ ಒಲೆಯನ್ನು ದೂರದ ಬಂಡೆಯ ಪಕ್ಕ ಹೂಡಿದ್ದರು. ಓಬಮ್ಮ ನವಣೆ ಹುಗ್ಗಿಗೆ ಬೆಲ್ಲ ಹಾಕಿ ತಿರುವಿದಳು.

ಹೊತ್ತು ನೆತ್ತಿಗೆ ಬಂದಾಗ ಮರುಳಸಿದ್ದಪ್ಪ ಎಡೆ ಎತ್ತಲು ಹೊರಟ. ಪ್ರತಿ ಕೇರಿಯ ಒಲೆಯಿಂದ ಒಂದು ಹಿಡಿ ಅಡುಗೆ ದೊಡ್ಡ ಹಿತ್ತಾಳೆ ಪಾತ್ರೆಗೆ ಬೀಳಬೇಕು. ಎಲ್ಲವನ್ನೂ ಕಲಸಿ ಒಂದು ಮಾಡಿ ದೇವರಿಗೆ ತೋರಿಸಿ, ಅದನ್ನೇ ಎಲ್ಲರೂ ಒಂದೊಂದು ತುತ್ತು ತಿಂದರೆ ಹೊರಬೀಡು ಮುಗಿದಂತೆ. ಒಂದೊಂದೇ ಕೇರಿ ಮುಗಿಸಿ ಪಾತ್ರೆ ಹಿಡಿದವರು ನಿಂತರು. ಊರಿನ ಒಲೆಗಳು ಅಲ್ಲಿಗೆ ಮುಗಿದಿದ್ದವು. ಆಚೆ ಬಂಡೆಯ ಪಕ್ಕದ ಹೊಗೆ ಎಲ್ಲರಿಗೂ ಕಾಣುತ್ತಿತ್ತು.

“ಹೊತ್ತಾತು ಅಜ್ಜ, ಇಷ್ಟು ಸಾಕು,” ಎಂದ ಈರಬಸಪ್ಪ.

“ಒಲೆ ಒಂದು ಉಳಿದೈತೆ,” ಎಂದು ಮುದುಕ ಪಾತ್ರೆಯನ್ನು ತಾನೇ ತೆಗೆದುಕೊಂಡು ನಡೆದ.

ಅವನು ಬರುವುದನ್ನು ನೋಡಿ ಹಟ್ಟಿಯವರು ಎದ್ದು ನಿಂತರು. ಓಬಮ್ಮ ಹುಗ್ಗಿಯನ್ನು ಸೌಟಿನಲ್ಲಿ ತೆಗೆದು, ಪಾತ್ರೆಗೆ ತಗಲದ ಹಾಗೆ ಕೈ ಎತ್ತಿ ಹಿಡಿದಳು. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಮುದುಕನಿಗೆ ಸಿಡುಕು ಬಂತು.

“ಕೈಲಿ ಹಾಕಮ್ಮ. ಹಿಡಿ ಅಂದ್ರೆ ಹಿಡಿ.”

ಅವಳು ಸೌಟು ಇಟ್ಟು ಕೈ ತೊಳೆದು ಬಿಸಿ ಹುಗ್ಗಿಯನ್ನು ಹಿಡಿಯಲ್ಲಿ ತೆಗೆದು ಹಾಕಿದಳು. ಬೆರಳು ಸುಟ್ಟಿತು. ಮುದುಕ ಅದನ್ನು ಹೋಳಿಗೆ, ಚಿತ್ರಾನ್ನ, ಪಾಯಸಗಳ ಜೊತೆ ಸೇರಿಸಿ ತನ್ನ ಕೈಯಿಂದಲೇ ಕಲಸಿದ. ಅಲ್ಲಿಗೆ ಯಾವುದು ಯಾರ ಒಲೆಯದು ಎಂದು ಹೇಳುವ ಹಾಗಿರಲಿಲ್ಲ.

ಮೊದಲ ತುತ್ತು ಊರಿನ ಮುಖ್ಯಸ್ಥನಿಗೆ. ಈರಬಸಪ್ಪ ಅಂಗೈ ಚಾಚಿದ. ಇಡೀ ಗುಡ್ಡ ಅವನನ್ನೇ ನೋಡುತ್ತಿತ್ತು, ತೇಜಸ್ವಿನಿಯೂ. ಅವನು ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡ. ಭಕ್ತಿಗೆ ಮುಚ್ಚಿದನೋ ಮತ್ತೇತಕ್ಕೋ ಹೇಳಲು ಬರುವುದಿಲ್ಲ, ಆದರೆ ನುಂಗಿದ. ಅವನ ಹಿಂದೆ ಬಂದವರಲ್ಲಿ ಬಹಳಷ್ಟು ಜನ ತಿಂದರು. ಕೆಲವರು ಬೆರಳ ಸಂದಿಯಿಂದ ಕೆಳಗೆ ಬಿಟ್ಟು ಬಾಯಿ ಒರೆಸಿಕೊಂಡರು. ಓಬಮ್ಮ ಅವರನ್ನೂ ನೋಡಿದಳು, ನೋಡದ ಹಾಗೆ ಇದ್ದಳು. ದೀಪದ ಹೊತ್ತಿಗೆ ಮುಳ್ಳು ಬಿಚ್ಚಿದರು. ಊರಿಗೆ ಹೋಗುವ ಜನ ಹಟ್ಟಿಯ ಬೀದಿಯ ಮೇಲೇ ಹಾದು ಹೋದರು.

ಮುಂದಿನ ವಾರ ಕ್ರಿಯಾಯೋಜನೆಯ ಸಭೆ. ತೇಜಸ್ವಿನಿ ವಾರ್ಡುಗಳನ್ನು ಒಂದೊಂದಾಗಿ ಓದಿ ಹದಿನಾರಕ್ಕೆ ಬಂದಳು. ಗ್ರಾಮ ಪಂಚಾಯಿತಿ ಕಾಲದಿಂದಲೂ ಸದಸ್ಯನಾಗಿದ್ದ ಕಾಟಲಿಂಗಪ್ಪ, ‘ಅದು ಊರಿಂದ...’ ಎಂದು ಬಾಯಿ ತೆಗೆದವನು ಅಧ್ಯಕ್ಷನ ಮುಖ ನೋಡಿ ಕೆಮ್ಮಿದ. ಹೊರಬೀಡಿಗೆ ಮುಳ್ಳು ಎಲ್ಲಿ ಕಟ್ಟಿದ್ದರೆಂದು ಅಲ್ಲಿದ್ದವರೆಲ್ಲ ಕಂಡಿದ್ದರು, ಕೋರ್ಟಿನ ಮುಂದಿನ ತಾರೀಖೂ ಹತ್ತಿರವಿತ್ತು. ಹಟ್ಟಿ ಊರೊಳಗಿದೆ ಎನ್ನುವುದಕ್ಕೆ ಒಂದು ಪೈಪಿನ ಠರಾವು ಇದ್ದರೆ ವಕೀಲರಿಗೂ ಅನುಕೂಲವೇ. ಈರಬಸಪ್ಪ ಅದನ್ನು ಸಭೆಗೆ ಬರುವ ಮುಂಚೆಯೇ ಯೋಚಿಸಿ ಮುಗಿಸಿದ್ದ. ಹದಿನಾರೂ ಮೊದಲ ಹಂತದಲ್ಲೇ ಬರಲಿ ಎಂದ. ಯಾರೂ ಎದುರು ಮಾತಾಡಲಿಲ್ಲ.

ತೇಜಸ್ವಿನಿ ಬರೆದುಕೊಂಡು ಪುಟ ತಿರುಗಿಸುವಾಗ ಓಬಮ್ಮ ಕೈ ಎತ್ತಿದಳು.

“ಗುಂಡಿ ತೆಗೆಯೋದು ಹಟ್ಟಿ ಕಡೆಯಿಂದ ಶುರು ಆಗ್ಲಿ ಮೇಡಂ.”

ಇಂಜಿನಿಯರು ನಕ್ಕ. ಟ್ಯಾಂಕು ಇರುವುದು ಊರ ಮಧ್ಯದಲ್ಲಿ, ನೀರು ಅಲ್ಲಿಂದ ಬರಬೇಕಲ್ಲವೇ ಎಂದು ಮಕ್ಕಳಿಗೆ ಹೇಳುವಂತೆ ಹೇಳಿದ.

“ನೀರು ಅಲ್ಲಿಂದ ಬರ್ಲಿ ಸಾರ್. ಗುಂಡಿ ಇಲ್ಲಿಂದ ಹೋಗ್ಲಿ. ಊರ ಕಡೆಯಿಂದ ತೆಗೆದ ಗುಂಡಿ ಹಳ್ಳದ ತಾವ ಬಂದು ನಿಂತ್ಕಂತಾವೆ.”

ಈರಬಸಪ್ಪ ಅವಳನ್ನು ಒಂದು ಗಳಿಗೆ ನೋಡಿದ. ಸಂತೆಯಲ್ಲಿ ಎದುರು ಅಂಗಡಿಯವನನ್ನು ನೋಡುವ ನೋಟ ಅದು. ಆಮೇಲೆ ತೇಜಸ್ವಿನಿಯ ಕಡೆ ತಿರುಗಿ, ಅದನ್ನೂ ಸೇರಿಸಿ ಬರೆಯಿರಿ ಎಂದ. ಅವಳು ಬರೆದಳು. ಓದಿ ಹೇಳಿ ಎಂದು ಓಬಮ್ಮ ಕೇಳಿದಳು. ತೇಜಸ್ವಿನಿ ಓದಿ ಹೇಳಿದಳು. ಆಮೇಲೆ ಸಭೆ ಮುಂದಿನ ವಿಷಯಕ್ಕೆ ಹೋಯಿತು, ಸಂತೆ ಮೈದಾನದ ಸುಂಕದ ಹರಾಜು.